ಬಾಗಿಲು ಕಿತ್ತ ಮನೆ

ನಮ್ಮೂರಿಗೆ ಬೀಗ ಮಾರಲು ಬಂದವನು ಯಾವನೂ ಉದ್ಧಾರವಾಗಿಲ್ಲ. ಹಿಂದೊಮ್ಮೆ ದೊಡ್ಡ ಊರಿನವನೊಬ್ಬ ಪೇಟೆಯ ಮೂಲೆಯಲ್ಲಿ ಅಂಗಡಿ ಹಾಕಿ, ಹಿತ್ತಾಳೆಯ ಬೀಗಗಳನ್ನು ಸಾಲಾಗಿ ತೂಗುಹಾಕಿ ಕುಳಿತಿದ್ದನಂತೆ. ಜನ ಬಂದು ಅವುಗಳನ್ನು ಕೈಯಲ್ಲಿ ತೂಗಿ ನೋಡಿ, ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಭಾರ ಇಡಲು ಚೆನ್ನಾಗಿದೆ ಎಂದು ಒಂದೆರಡು ಕೊಂಡರೇ ಹೊರತು ಬೀಗವೆಂದು ಒಬ್ಬರೂ ಕೊಳ್ಳಲಿಲ್ಲ. ಕೊಂಡು ಮಾಡುವುದಾದರೂ ಏನು? ನಮ್ಮೂರಿನ ಬಾಗಿಲುಗಳು ಮನೆಯವರು ಬಂದರೆ ತೆರೆಯುತ್ತವೆ, ಮನೆಯವರಲ್ಲದವರು ಬಂದರೆ ತೆರೆಯುವುದಿಲ್ಲ. ಅಷ್ಟೇ. ಆನೆ ಕಟ್ಟಿ ಎಳೆಸಿದರೂ ಇಲ್ಲ.

ನೆಂಟರು ಬರುತ್ತಾರೆಂದರೆ ಒನಕೆಯನ್ನೋ ಒರಳನ್ನೋ ಅಡ್ಡ ಕೊಟ್ಟು ಬಾಗಿಲು ತೆರೆದಿಡುತ್ತೇವೆ. ಹೊಸ ಸೊಸೆ ಮನೆ ತುಂಬಿದ ಮೇಲೂ ಕೆಲವು ದಿನ ಅತ್ತೆಯ ಸೆರಗು ಹಿಡಿದೇ ಒಳಗೆ ಹೊರಗೆ ಓಡಾಡಬೇಕು. ಒಂದು ದಿನ ನೀರು ತಂದವಳಿಗೆ ಬಾಗಿಲು ತಾನಾಗಿ ಸರಿದುಕೊಂಡರೆ ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ. ಬಾಗಿಲುಗಳಿಗೆ ಮುನಿಸೂ ಉಂಟು. ಊರು ಬಿಟ್ಟು ಎಷ್ಟೋ ವರ್ಷ ತಿರುಗಿ ಬಂದ ಗಂಡಸರು ತಮ್ಮದೇ ಮನೆಯ ಕಟ್ಟೆಯ ಮೇಲೆ ಪರದೇಶಿಗಳ ಹಾಗೆ ಕುಳಿತು ಕೆಮ್ಮುವುದನ್ನು ನಾನೇ ನೋಡಿದ್ದೇನೆ. ಬಾಗಿಲಿಗೆ ಮರ್ಯಾದೆ ಕೊಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಬಹಳ ಕಾಲ ಕೊಟ್ಟೆ.

ನನ್ನ ಹೆಸರು ನೀಲಗಂಗಾ. ಆದರೆ ಊರಿಗೆ ನಾನು ಗಿರಣಿಯಾಕಿ. ಗಂಡ ಬಿಟ್ಟುಹೋದ ಹಿಟ್ಟಿನ ಗಿರಣಿಯನ್ನು ನಾನೇ ನಡೆಸುತ್ತೇನೆ. ಅದರ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ, ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳುತ್ತದೆ. ನಮಗೆ ಮಕ್ಕಳಾಗಲಿಲ್ಲ. ಗಂಡ ತೀರಿದ ದಿನ ನಮ್ಮ ಮನೆಯ ತೇಗದ ಬಾಗಿಲು ತಾನಾಗಿ ತೆರೆದುಕೊಂಡು, ದಿನಗಟ್ಟಲೆ ಮುಚ್ಚದೆ ಅವನ ದಾರಿ ಕಾಯುತ್ತ ನಿಂತಿತ್ತು. ಇಂಥ ನಿಯತ್ತಿನ ಬಾಗಿಲು ಒಂದು ಕೂಸನ್ನು ಬೇಡ ಅನ್ನಲಿಕ್ಕಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಪುರಸಭೆಯ ಮಕ್ಕಳ ಶಾಖೆಗೆ ಹೋದದ್ದು.

ಹೆತ್ತವರಿಲ್ಲದ, ಇದ್ದೂ ನೋಡಿಕೊಳ್ಳಲಾಗದ ಮಕ್ಕಳಿಗೆ ಮನೆ ಹುಡುಕಿಕೊಡುವುದು ಆ ಶಾಖೆಯ ಕೆಲಸ. ಮನೆ ಸಿಗುವವರೆಗೆ ಅವು ಕೆರೆಯ ಆಚೆಗಿನ ಮಕ್ಕಳ ಮನೆಯಲ್ಲಿರುತ್ತವೆ. ಆ ಕಟ್ಟಡಕ್ಕೆ ಬಾಗಿಲಿಲ್ಲ, ಗೋಣಿತಟ್ಟಿನ ಪರದೆ. ಬಂದು ಹೋಗುವ ಅಷ್ಟು ಮಕ್ಕಳನ್ನು ನೆನಪಿಡುವಂಥ ಬಾಗಿಲು ಮಾಡಿಕೊಡಲು ಯಾವ ಬಡಿಗನಿಂದಲೂ ಆಗಲಿಲ್ಲವಂತೆ. ಶಾಖೆಯ ಕಾನೂನು ಚಿಕ್ಕದು. ಮಗು ಯಾವ ಮನೆಗೆ ಹೋಯಿತೋ ಆ ಮನೆಯ ಬಾಗಿಲು ಮುಂದಿನ ಯುಗಾದಿಯ ಒಳಗೆ ಅದಕ್ಕೆ ತಾನಾಗಿ ತೆರೆಯಬೇಕು. ತೆರೆದರೆ ಮಗು ಆ ಮನೆಯದು. ಇಲ್ಲವಾದರೆ ಅದರ ಗಂಟು ಮತ್ತೆ ಪರದೆಯ ಹಿಂದಕ್ಕೆ.

ಶಾಖೆಯ ದಾನಪ್ಪ ಸಾಹೇಬರು ಕೆಟ್ಟ ಮನುಷ್ಯರಲ್ಲ. ಎಲ್ಲಿಗೆ ಹೋದರೂ ಬಗಲಲ್ಲಿ ಒಂದು ಮಡಿಚುವ ಕುರ್ಚಿ ಒಯ್ಯುತ್ತಾರೆ, ಏಕೆಂದರೆ ಅವರ ಆಯುಷ್ಯದ ಅರ್ಧ ಪಾಲು ಮುಚ್ಚಿದ ಬಾಗಿಲುಗಳ ಎದುರು ಕುಳಿತೇ ಕಳೆದಿದೆ. “ನೋಡವ್ವ, ಹುಡುಗಿ ಹೆಸರು ಕಸ್ತೂರಿ,” ಎಂದರು. “ಮೂರು ಮನಿ ಬಾಗಲಾ ಕಂಡು ಬಂದೈತಿ. ಒಂದೂ ತೆರೀಲಿಲ್ಲ.”

“ನಾಕನೇದು ತೆರೀತೈತಿ ಬಿಡ್ರಿ.”

“ತೆರೀಲಿಲ್ಲಂದ್ರ? ನಾಕು ಮನಿ ಆದ ಮ್ಯಾಲ ಮತ್ತ ಯಾರ ಮನಿಗೂ ಕಳಸೂದಿಲ್ಲ. ದೊಡ್ಡಾಕಿ ಆಗೂತನ ಮಕ್ಕಳ ಮನಿನ ಗತಿ. ಇನ್ನೊಮ್ಮೆ ವಿಚಾರ ಮಾಡವ್ವ.”

ನಾನು ವಿಚಾರ ಮಾಡುವ ಹೆಂಗಸಲ್ಲ. ಮಾಡಿದ್ದರೆ ಗಿರಣಿಯನ್ನು ಎಂದೋ ಮಾರಿ ಮೈದುನನ ಮನೆಯ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದೆ.

ಕಸ್ತೂರಿ ಬಂದಳು. ಎಂಟೊಂಬತ್ತು ವರ್ಷದ ಹುಡುಗಿ, ಅಗಲ ಕಿವಿ, ಕೈಯಲ್ಲೊಂದು ಬಟ್ಟೆಯ ಚೀಲ. ಕಟ್ಟೆಗೆ ಬಂದವಳೇ ಬಾಗಿಲಿಗೆ ಬೆನ್ನು ಮಾಡಿ ಕುಳಿತಳು, ಅದರ ಮುಖ ನೋಡುವ ಗೊಡವೆಯೇ ಬೇಡ ಎನ್ನುವಂತೆ. “ನಿನ್ನ ನಾ ಅವ್ವ ಅಂತ ಕರಿಯೂದಿಲ್ಲ,” ಎಂದು ಮೊದಲ ಮಾತಿಗೇ ಹೇಳಿದಳು. “ಬ್ಯಾಡ ಬಿಡು. ಊರೆಲ್ಲ ಗಿರಣಿಯಾಕಿ ಅಂತೈತಿ, ನೀನೂ ಅನ್ನು,” ಎಂದೆ. ಹಾಗೆ ಹೇಳಿ ಮೆಟ್ಟಿಲು ಹತ್ತಿದೆ. ಬಾಗಿಲು ನನಗೆ ತೆರೆಯಿತು. ಅದು ಮತ್ತೆ ಮುಚ್ಚದ ಹಾಗೆ ಸೊಂಟ ಆನಿಸಿ ನಿಂತು ಹೇಳಿದೆ, “ಬಾ ಒಳಗ. ನಿಂದ ಮನಿ. ಬಾಗಲದ ಮಾತ ಮನಸಿಗೆ ಹಚ್ಕೋಬ್ಯಾಡ.”

ಅಂದಿನಿಂದ ಅದೇ ನಿತ್ಯದ ಮಂತ್ರವಾಯಿತು. ಶಾಲೆ ಬಿಡುವ ಹೊತ್ತಿಗೆ ನಾನು ಗಿರಣಿ ನಿಲ್ಲಿಸಿ, ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಓಡಿಬರುತ್ತಿದ್ದೆ. ಜೋಳದ ಬುಟ್ಟಿ ಇಟ್ಟುಕೊಂಡು ಸರದಿ ಕಾಯುವ ಹೆಂಗಸರು ಗೊಣಗುತ್ತಿದ್ದರು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಸೊಂಟ ಆನಿಸುವುದು, ಬಾ ಒಳಗ ಅನ್ನುವುದು, ಅವಳು ನನ್ನ ಕಂಕುಳ ಕೆಳಗಿಂದ ನುಸುಳಿ ಹೋಗುವುದು. ಒಳಗೆ ಬಂದರೂ ಅವಳು ಚಪ್ಪಲಿ ಕಳಚಿ ಹೊರಗೆ ಬಿಡುತ್ತಿರಲಿಲ್ಲ. ಕೈಯಲ್ಲಿ ಹಿಡಿದು ತಂದು, ಮಲಗುವಾಗ ಚೀಲದೊಳಗಿಟ್ಟು, ಚೀಲವನ್ನು ತಲೆಯ ಕೆಳಗಿಟ್ಟುಕೊಳ್ಳುತ್ತಿದ್ದಳು. ಎಬ್ಬಿಸಿ ಹೊರಡು ಅಂದರೆ ಹೊರಡಲು ತಯಾರಾಗಿಯೇ ನಿದ್ದೆ ಮಾಡುವ ಮಗುವನ್ನು ನಾನು ಮೊದಲ ಬಾರಿ ನೋಡಿದ್ದು ಆಗ.

ಪಕ್ಕದ ಮನೆಯ ಬಸಲಿಂಗವ್ವನಿಗೆ ಊರ ಉಸಾಬರಿ ಇಲ್ಲದಿದ್ದರೆ ಉಂಡದ್ದು ಕರಗುವುದಿಲ್ಲ. ಬಾಗಿಲು ತಿರುಗುವ ತಿರುಗಣಿಗೆ ಕುಸುಬಿ ಎಣ್ಣೆ ಬಿಡು ಎಂದಳು, ಬಿಟ್ಟೆ. ಹುಡುಗಿಯ ಜಡೆಯ ರಿಬ್ಬನ್ನು ಚಿಲಕಕ್ಕೆ ಕಟ್ಟು ಎಂದಳು, ಕಟ್ಟಿದೆ. ಹುಡುಗಿ ಮಿಂದ ನೀರಿನಿಂದ ಹೊಸ್ತಿಲು ತೊಳೆ, ಬಾಗಿಲಿಗೆ ಹೋಳಿಗೆ ತೋರಿಸು, ಅಮಾವಾಸ್ಯೆಗೆ ಕಾಯಿ ಒಡೆ. ಎಲ್ಲ ಮಾಡಿದೆ. ಬಾಗಿಲು ಎಣ್ಣೆ ಕುಡಿಯಿತು, ಹೋಳಿಗೆಯ ವಾಸನೆ ನೋಡಿತು, ಕಸ್ತೂರಿ ಎದುರು ನಿಂತರೆ ಮಾತ್ರ ಕಲ್ಲಿನ ಹಾಗೆ ನಿಂತಿತು. ದಸರೆ ಹೋಯಿತು, ದೀಪಾವಳಿಯೂ ಹೋಯಿತು.

ಆಮೇಲೆ ನಾಯಿಯ ಪ್ರಸಂಗ ನಡೆಯಿತು. ಅಂದು ಶಾಲೆ ಬೇಗ ಬಿಟ್ಟಿದ್ದರು, ನನಗೆ ಗೊತ್ತಿರಲಿಲ್ಲ. ಮರಿ ಹಾಕಿದ್ದ ಬೀದಿನಾಯಿಯೊಂದು ಕಸ್ತೂರಿಯನ್ನು ಓಣಿಯ ತುದಿಯಿಂದ ಅಟ್ಟಿಸಿಕೊಂಡು ಬಂತು. ಅವಳು ಓಡಿಬಂದು ಎರಡೂ ಕೈಯಿಂದ ಬಾಗಿಲು ಬಡಿದಳಂತೆ. ಬಡಿದ ಸದ್ದು ತನ್ನ ಅಡುಗೆಮನೆಗೆ ಕೇಳಿತು ಎಂದು ಬಸಲಿಂಗವ್ವ ಹೇಳಿದಳು. ಅವಳು ಕೋಲು ಹಿಡಿದು ಬರುವಷ್ಟರಲ್ಲಿ ನಾಯಿ ಹುಡುಗಿಯ ಮೀನಖಂಡಕ್ಕೆ ಬಾಯಿ ಹಾಕಿತ್ತು. ನಾನು ಬಂದು ನೋಡಿದರೆ ಬಾಗಿಲ ಮೇಲೆ ಪುಟ್ಟ ಪುಟ್ಟ ಬೆವರಿನ ಅಂಗೈಗಳ ಗುರುತು, ಕಟ್ಟೆಯ ಮೇಲೆ ರಕ್ತ. ಕಸ್ತೂರಿ ಅಳಲಿಲ್ಲ. ದವಾಖಾನೆಯಲ್ಲಿ ಸೂಜಿ ಚುಚ್ಚುವಾಗಲೂ ಅಳಲಿಲ್ಲ. ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳುವಂತೆ, “ಅದಕ್ಕ ನನ್ನ ಗುರ್ತಿಲ್ಲಲ್ಲ. ಅದರದೇನ ತಪ್ಪಿಲ್ಲ,” ಎಂದಳು.

ಆ ಮಾತಿಗೆ ನನ್ನ ಮೈ ಉರಿದುಹೋಯಿತು. ಬೈದಿದ್ದರೆ, ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಕಚ್ಚಿಸಿಕೊಂಡ ಮಗುವೇ ಬಾಗಿಲಿನ ಪರ ವಕಾಲತ್ತು ಮಾಡುವುದೆಂದರೇನು?

ಮರುದಿನ ಬೆಳಿಗ್ಗೆ ಮೌನೇಶ ಬಡಿಗನನ್ನು ಕರೆಸಿ, ಬಾಗಿಲು ಕೀಳು ಎಂದೆ. ಅವನು ನಗುವುದೋ ಅಳುವುದೋ ತಿಳಿಯದೆ ನಿಂತ. ಕಿಟಕಿ ಬೇಕೆಂದರೆ ಗೋಡೆ ಒಡೆದಾರು, ಸೋರಿದರೆ ಮಾಳಿಗೆ ಇಳಿಸಿಯಾರು, ಚೌಕಟ್ಟಿಗೆ ಕೂಡಿಸಿದ ಬಾಗಿಲನ್ನು ನಮ್ಮೂರಿನಲ್ಲಿ ಯಾರೂ ಕಿತ್ತವರಿಲ್ಲ. “ಯವ್ವಾ, ನಮ್ಮ ಮನಿತನದಾಗ ಈ ಕೆಲಸಾ ಯಾರೂ ಮಾಡಿಲ್ಲ. ನನ್ನ ಕೈ ಬಿದ್ದು ಹೋಗ್ತಾವ,” ಎಂದ. “ನಿನ್ನ ಕೈ ನಿನ್ನ ಹಂತ್ಯಾಕ ಇರಲಿ. ಉಳಿ, ಸುತಿಗಿ ಕೊಟ್ಟು ಆಕಡೆ ಮುಖಾ ಮಾಡಿ ನಿಂದ್ರು,” ಎಂದೆ. ಅವನು ಹಾಗೆಯೇ ನಿಂತ. ಓಣಿಯೆಲ್ಲ ನೆರೆದು ನೋಡಿತು. ನಾನು ಕಚ್ಚೆ ಕಟ್ಟಿ, ತಿರುಗಣಿಗೆ ಉಳಿಯಿಟ್ಟು ಹೊಡೆದೆ. ಬಾಗಿಲು ಒಮ್ಮೆ ನರಳಿತು. ನನ್ನ ಗಂಡ ಕಾಯಿಲೆಯಲ್ಲಿ ನರಳಿದ್ದು ನೆನಪಾಗಿ ಕಣ್ಣು ಮಂಜಾಯಿತು, ಕೈ ಮಾತ್ರ ನಿಲ್ಲಲಿಲ್ಲ. “ನನ್ನ ಹುಡುಗಿಗೆ ಇಲ್ಲದ್ದು ನನಗೂ ಬ್ಯಾಡ!” ಎಂದು ಕೂಗಿದೆ. ಕೆರೆಯ ಆಚೆಗೂ ಕೇಳಿರಬೇಕು.

ಬಾಗಿಲೇನೋ ಕೆಳಗೆ ಬಂತು. ಅದನ್ನು ಇಡುವುದೆಲ್ಲಿ? ಹೊರಗೆ ಹಾಕಿದರೆ ಗೆದ್ದಲು, ಒಲೆಗೆ ಹಾಕಲು ಮನಸ್ಸಿಲ್ಲ. ಪಡಸಾಲೆಯಲ್ಲಿ ಗಿರಣಿಯ ಸವೆದ ಕಲ್ಲು ಎರಡು ಬಿದ್ದಿದ್ದವು. ಅವುಗಳ ಮೇಲೆ ಅಡ್ಡ ಮಲಗಿಸಿದೆ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಕಸ್ತೂರಿ ಕುಂಟುತ್ತ ಬಂದು, ಅದರ ಸುತ್ತ ಒಂದು ಸುತ್ತು ಹಾಕಿ, ಹತ್ತಿ ಕುಳಿತಳು. ಹಿಮ್ಮಡಿಯಿಂದ ಒಂದು ಒದೆ ಕೊಟ್ಟು ಕೇಳಿದಳು, “ಈಗ ಹೆಂಗ? ನೀನೂ ಒಳಗ ಬಂದ್ಯಲ್ಲ, ಯಾರನ್ನ ಕೇಳಿ ಬಂದಿ?”

ಬಾಗಿಲಿಲ್ಲದ ಮನೆಯ ಸಂಸಾರ ಹೇಳತೀರದು. ಚಳಿಗಾಲದ ಗಾಳಿ ನೇರ ಅಡುಗೆಮನೆಗೆ ಬಂದು ಒಲೆ ಆರಿಸುತ್ತಿತ್ತು. ಬಸಲಿಂಗವ್ವನ ಕೋಳಿಗಳು ನಮ್ಮ ಜೋಳದ ಚೀಲವನ್ನು ಮಾವನ ಮನೆ ಮಾಡಿಕೊಂಡವು. ಕೋಳಿ ಹುಡುಕುವ ನೆಪದಲ್ಲಿ ಬಸಲಿಂಗವ್ವ ಬಂದು ನಮ್ಮ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಬಾಗಿಲು ಕಿತ್ತವಳ ಕೈಯ ಹಿಟ್ಟು ಬೇಡ ಎಂದು ಕೆಲವರು ಹೊಳೆಯ ಆಚೆಯ ಗಿರಣಿಗೆ ಹೋದರು, ಅಲ್ಲಿ ರವೆಯ ಹಾಗೆ ಬೀಸುತ್ತಾರೆಂದು ಮೂಗು ಮುರಿದು ಮರಳಿ ಬಂದರು. ಆದರೆ ಒಂದು ಸುಖವಿತ್ತು. ಶಾಲೆ ಬಿಟ್ಟ ಕಸ್ತೂರಿ ಯಾರನ್ನೂ ಕಾಯದೆ ಮನೆಯೊಳಗೆ ನಡೆದುಹೋಗುತ್ತಿದ್ದಳು. ನಾನು ಗಿರಣಿಯಲ್ಲಿ ನಿಂತೇ ಅದನ್ನು ನೆನೆದು ನಗುತ್ತಿದ್ದೆ.

ಅವಳ ಬದುಕೆಲ್ಲ ಆ ಬಾಗಿಲ ಮೇಲೆಯೇ ನಡೆಯಿತು. ಅದರ ಮೇಲೆ ಕುಳಿತು ರೊಟ್ಟಿ ತಿನ್ನುವಳು, ಪಲ್ಯ ಚೆಲ್ಲುವಳು, ಸೀಮೆಸುಣ್ಣದಿಂದ ಮಗ್ಗಿ ಬರೆದು ಅಂಗೈಯಿಂದ ಅಳಿಸುವಳು. ಮೊದಮೊದಲು ಬೈಗುಳವೇ ಬೈಗುಳ. “ಲೇ ಕಟಿಗಿ, ನಿನಗ ಕಣ್ಣ ಇಲ್ಲೇನ?” ಬರಬರುತ್ತ ಬೈಗುಳ ಸೋರಿಹೋಗಿ ಮಾತು ಉಳಿಯಿತು. ಅನ್ನ ಬಸಿಯುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ಮೊದಲ ಮನೆಯ ಬಾಗಿಲಿಗೆ ಹಸಿರು ಬಣ್ಣವಿತ್ತು, ಎರಡನೆಯ ಮನೆಯ ಅಜ್ಜಿ ಬೆಲ್ಲ ಕೊಡುತ್ತಿದ್ದಳು, ಮೂರನೆಯ ಮನೆಯವರು ಅವಳನ್ನು ಕಳಿಸಿಕೊಡುವಾಗ ಬಾಗಿಲ ಕಡೆ ಕೈ ಮಾಡಿ ನಾವೇನ ಮಾಡೂಣವ್ವ ಎಂದಿದ್ದರು. ನನಗೆ ಒಂದು ದಿನವೂ ಹೇಳದ್ದನ್ನೆಲ್ಲ ಅವಳು ಆ ಹಲಗೆಗೆ ಹೇಳಿದಳು. ಜ್ವರ ಬಂದಾಗ ಅದರ ಮೇಲೆಯೇ ಬೆವರಿದಳು. ಮಲಗುವಾಗ ಮಗ್ಗಲು ಬದಲಿಸುತ್ತ, ಜೊತೆಯಲ್ಲಿ ಯಾರೋ ಮಲಗಿದ್ದಾರೇನೋ ಎಂಬಂತೆ ಹಲಗೆಯನ್ನು ಮೊಣಕೈಯಿಂದ ತಿವಿದು, “ಅತ್ಲಾಗ ಸರಿ,” ಎನ್ನುವುದು ರೂಢಿಯಾಯಿತು. ಚೀಲ ಮಾತ್ರ ತಲೆಯ ಕೆಳಗೇ ಇತ್ತು.

ಮಾಘ ಕಳೆಯುವ ಹೊತ್ತಿಗೆ ದಾನಪ್ಪ ಸಾಹೇಬರು ಬಂದರು. ಕುರ್ಚಿ ಬಿಡಿಸಿ ಕುಳಿತು ಎದುರು ನೋಡಿದರೆ ಬಾಗಿಲೇ ಇಲ್ಲ. ಒಳಗಿನ ಒಲೆ, ಒಲೆಯ ಮುಂದಿನ ನಾನು, ಎಲ್ಲ ನೇರ ಕಾಣುತ್ತಿದೆ. “ಇದೇನವ್ವ ನೀಲಗಂಗವ್ವ?”

“ತೆರೀದ ಬಾಗಲಾ ಕಿತ್ತೀನ್ರಿ. ಈಗ ಹುಡುಗಿ ತಾನ ಬರ್ತಾಳ, ತಾನ ಹೋಗ್ತಾಳ. ನಿಮ್ಮ ಕಾನೂನ ಕೇಳೂದು ಅದನ್ನ ಅಲ್ಲೇನು?”

ಅವರು ಬಹಳ ಹೊತ್ತು ತಲೆ ಕೆರೆದುಕೊಂಡರು. ಕಚೇರಿಗೆ ಹೋಗಿ ಕೇಳಿಕೊಂಡು ಬಂದರು. “ಆಗೂದಿಲ್ಲಂತವ್ವ. ಬಾಗಲಾ ಇಲ್ಲದ್ದು ಮನಿ ಅಲ್ಲಂತ. ಬಾಗಲಾ ಇಲ್ಲದ ಕಡೆ ಇಡೂದಾದ್ರ ಮಕ್ಕಳ ಮನಿ ಏನ ಕಡಿಮಿ ಐತಿ ಅಂತ ದೊಡ್ಡ ಸಾಹೇಬ್ರು ಕೇಳಿದ್ರು. ಯುಗಾದಿ ಹಿಂದಿನ ದಿನ ಬರ್ತೀನಿ. ಅಷ್ಟರಾಗ ಬಾಗಲಾ ಕೂಡಸ್ರಿ. ತೆರೀಲಿಲ್ಲಂದ್ರ…” ಮಾತು ಮುಗಿಸದೆ ಕುರ್ಚಿ ಮಡಿಚಿದರು.

ನಾನು ಕೂಡಿಸುವುದಿಲ್ಲ ಎಂದೆ. ಪುರಸಭೆಯೇ ಎದ್ದು ಬಂದರೂ ಬಾಗಿಲಿನ ಜಾಗದಲ್ಲಿ ನಾನೇ ಅಡ್ಡ ನಿಲ್ಲುತ್ತೇನೆ, ನನ್ನನ್ನು ದಾಟಿ ಹುಡುಗಿಯನ್ನು ಒಯ್ಯಲಿ ನೋಡೋಣ ಎಂದೆ. ಅವರು ಹೋದ ಮೇಲೂ ಕೂಗುತ್ತಲೇ ಇದ್ದೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು, ಮತ್ತು ಭಯವಾದಾಗ ನನ್ನ ಗಂಟಲು ಇನ್ನೂ ದೊಡ್ಡದಾಗುತ್ತದೆ. ಕಸ್ತೂರಿ ಬಾಗಿಲ ಮೇಲೆ ಮಂಡಿ ಮಡಿಚಿ ಕುಳಿತು ಎಲ್ಲ ಕೇಳಿಸಿಕೊಂಡಳು. ನನ್ನ ಉಸಿರು ಇಳಿದ ಮೇಲೆ, “ಕೂಡಸು,” ಎಂದಳು.

“ತೆರೀಲಿಲ್ಲಂದ್ರ ಒಯ್ತಾರವ್ವ ನಿನ್ನ. ಇದು ಕಡೀ ಮನಿ. ಗೊತ್ತೈತಿಲ್ಲ?”

“ಗೊತ್ತೈತಿ. ನೀ ನಿಂತು ಎಷ್ಟ ದಿನ ಕಾಯ್ತಿ? ಗಿರಣಿ ಯಾರು ನಡಸೂದು?” ಎಂದು, ದೊಡ್ಡ ಹೆಂಗಸಿನ ಹಾಗೆ ಲಂಗ ಕೊಡವಿ ಇಳಿದಳು. “ಕೂಡಸು. ನಾ ಮಾತಾಡ್ತೀನಿ ಅದರ ಜೋಡಿ.”

ಯುಗಾದಿಯ ಹಿಂದಿನ ದಿನ ಮೌನೇಶ ಬಂದ. ಕೀಳುವಾಗ ಮುಖ ತಿರುಗಿಸಿದವನು ಕೂಡಿಸುವಾಗ ಮದುವೆ ಮನೆಗೆ ಬಂದವನ ಹಾಗೆ ಹೊಸ ಟೊಪ್ಪಿಗೆ ಹಾಕಿಕೊಂಡಿದ್ದ. ಪಲ್ಯದ ಕಲೆ, ಮಗ್ಗಿಯ ಗುರುತು ಒರೆಸಲೇ ಎಂದು ಕೇಳಿದ. ಬೇಡ, ಹಾಗೇ ಇರಲಿ ಎಂದಳು ಕಸ್ತೂರಿ. ಬಾಗಿಲು ಚೌಕಟ್ಟಿನಲ್ಲಿ ನಿಂತಿತು. ಕಾನೂನಿನ ಪ್ರಕಾರ ಮನೆಯವರೆಲ್ಲ ಹೊರಗೆ ಬರಬೇಕು, ಮಗುವಿನ ಹೊರತು ಯಾರೂ ಬಾಗಿಲು ಮುಟ್ಟಕೂಡದು. ನಾನು ಅಂಗಳಕ್ಕೆ ಇಳಿದೆ. ಕಸ್ತೂರಿ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಂದಳು. ಬಾಗಿಲು ನಮ್ಮ ಹಿಂದೆ ತಾನಾಗಿ ಮುಚ್ಚಿಕೊಂಡಿತು. ದಾನಪ್ಪ ಸಾಹೇಬರು ಕುರ್ಚಿ ಬಿಡಿಸಿ ಕುಳಿತರು. ಬಸಲಿಂಗವ್ವ ಕೋಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ತನ್ನ ಕಟ್ಟೆಯ ಮೇಲೆ ನಿಂತಿದ್ದಳು. ಓಣಿಯೆಲ್ಲ ನೆರೆದಿತ್ತು.

ಪರೀಕ್ಷೆಗೆ ನಿಂತ ಮಕ್ಕಳು ಕೈ ಮುಗಿಯುತ್ತಾರೆ, ಬಾಗಿಲಿಗೆ ಹಣೆ ಹಚ್ಚುತ್ತಾರೆ, ಬೇಡಿಕೊಳ್ಳುತ್ತಾರೆ. ದಾನಪ್ಪ ಸಾಹೇಬರೇ ಆಮೇಲೆ ಹೇಳಿದ ಮಾತಿದು. ಕಸ್ತೂರಿ ಅದೊಂದನ್ನೂ ಮಾಡಲಿಲ್ಲ. ಮೆಟ್ಟಿಲ ಬಳಿ ಚಪ್ಪಲಿ ಕಳಚಿದಳು. ಕೈಗೆ ತೆಗೆದುಕೊಳ್ಳಲಿಲ್ಲ, ಅಲ್ಲಿಯೇ ಜೋಡಿಸಿ ಇಟ್ಟಳು. ಬಾಗಿಲ ಹತ್ತಿರ ಹೋಗಿ, ಮೊಣಕೈಯಿಂದ ಅದರ ಪಕ್ಕೆಗೆ ತಿವಿದು ಹೇಳಿದಳು.

“ಅತ್ಲಾಗ ಸರಿ.”

ಬಾಗಿಲು ಸರಿಯಿತು. ನಿದ್ದೆಗಣ್ಣಿನಲ್ಲಿ ಮಗ್ಗಲು ಬದಲಿಸುವವರ ಹಾಗೆ ಸಾವಕಾಶವಾಗಿ, ಒಂದಿಷ್ಟೂ ಸದ್ದಿಲ್ಲದೆ ಸರಿಯಿತು. ಅವಳು ಒಳಗೆ ಹೋದಳು, ಅದು ಅವಳ ಹಿಂದೆ ಮುಚ್ಚಿಕೊಂಡಿತು. ದಾನಪ್ಪ ಸಾಹೇಬರು ಕುರ್ಚಿಯಿಂದ ಎದ್ದು ನಿಂತು, ಕರವಸ್ತ್ರ ಹುಡುಕುತ್ತ ಎಲ್ಲ ಜೇಬಿಗೂ ಕೈ ಹಾಕಿದರು. ಮೌನೇಶ ಟೊಪ್ಪಿಗೆ ತೆಗೆದು ಗಾಳಿಗೆ ತೂರಿದ. ನಾನು ಅಳುತ್ತ ನಗುತ್ತ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಓಡಿಹೋಗಿ ನನ್ನ ಹುಡುಗಿಯನ್ನು ಎತ್ತಿಕೊಳ್ಳಬೇಕೆಂದು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆಯಲಿಲ್ಲ.

ತಳ್ಳಿದೆ. ಇಲ್ಲ. ಹೆಗಲು ಕೊಟ್ಟು ನೂಕಿದೆ. ಇಲ್ಲ. ಹೊಸ ಸೊಸೆಯಾಗಿದ್ದ ಮೊದಲ ದಿನಗಳು ಕಳೆದ ಮೇಲೆ ಒಂದು ದಿನವೂ ನನ್ನನ್ನು ಹೊರಗೆ ನಿಲ್ಲಿಸದ ಬಾಗಿಲು ಪರದೇಶಿಯ ಮುಖ ಕಂಡಂತೆ ನಿಂತಿತ್ತು. ತಿರುಗಣಿಯ ಮೇಲೆ ನಾನೇ ಹೊಡೆದ ಉಳಿಯ ಗಾಯ ಹೊಳೆಯುತ್ತಿತ್ತು. ದಾನಪ್ಪ ಸಾಹೇಬರು ಗಂಟಲು ಸರಿಮಾಡಿಕೊಂಡು, “ನಿಮ್ಮ ವಿಷಯ ಕಾನೂನಿನ್ಯಾಗ ಏನೂ ಇಲ್ಲವ್ವ,” ಎಂದರು. ಬಸಲಿಂಗವ್ವ ಬಿಡುವವಳೇ? “ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ! ಕುಸುಬಿ ಎಣ್ಣಿ ತರ್ಲೇನು?” ಎಂದು ಕಟ್ಟೆಯ ಮೇಲಿಂದ ಕೂಗಿದಳು. ಓಣಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಬಾಗಿಲು ಬಡಿದೆ. ನನ್ನ ಮನೆಯ ಬಾಗಿಲನ್ನು ನಾನು ಬಡಿದದ್ದು ಅದೇ ಮೊದಲು. ಆ ಪುಟ್ಟ ಅಂಗೈಗಳಿಗೆ ಹೇಗನ್ನಿಸಿತ್ತು ಎಂಬುದು ಆಗ ನನ್ನ ಅಂಗೈಗೆ ತಿಳಿಯಿತು.

“ಯಾರದು?” ಒಳಗಿನಿಂದ ಕಸ್ತೂರಿಯ ದನಿ.

“ನಾನು.”

“ನಾನು ಅಂದ್ರ ಯಾರು?”

ಗಿರಣಿಯಾಕಿ ಎಂದು ಬಾಯಿಗೆ ಬಂದಿತ್ತು. ಬಾಯಲ್ಲೇ ನಿಂತಿತು. ಇಷ್ಟು ತಿಂಗಳು ಗಂಟಲಲ್ಲೇ ನುಂಗಿಕೊಂಡಿದ್ದ ಮಾತು ಬೇರೆಯದೇ ಇತ್ತು. ಅದನ್ನು ಹೇಳಿದರೆ ಹುಡುಗಿ ಬೇಡ ಅಂದುಬಿಟ್ಟಾಳೋ ಎಂಬ ಅಂಜಿಕೆಯಲ್ಲೇ ಬೇಸಿಗೆಯ ಹೊಸ್ತಿಲಿಗೆ ಬಂದಿದ್ದೆ. ಊರೆಲ್ಲ ಕೇಳುತ್ತಿತ್ತು. ಕೇಳಲಿ. ಆದರೆ ಏನು ಮಾಡಿದರೂ ನನ್ನ ಆ ದೊಡ್ಡ ಗಂಟಲು ಹೊರಡಲಿಲ್ಲ, ಪಿಸುಮಾತೇ ಬಂತು.

“ನಿಮ್ಮವ್ವ.”

ಒಳಗೆ ಪುಟ್ಟ ಹೆಜ್ಜೆಗಳ ಸದ್ದಾಯಿತು. ಆಮೇಲೆ ಬಾಗಿಲು ತೆರೆಯಿತು. ಕಸ್ತೂರಿ ಅದು ಮತ್ತೆ ಮುಚ್ಚದ ಹಾಗೆ ತನ್ನ ಪುಟ್ಟ ಸೊಂಟ ಆನಿಸಿ ನಿಂತಿದ್ದಳು. ಹೆಗಲ ಮೇಲೆ ಚೀಲವಿರಲಿಲ್ಲ. ಅವಳ ಹಿಂದೆ, ಗೋಡೆಯ ಗೂಟಕ್ಕೆ, ಖಾಲಿ ಚೀಲ ತೂಗುತ್ತಿತ್ತು.

“ಬಾ ಒಳಗ,” ಎಂದಳು. “ನಿಂದ ಮನಿ. ಬಾಗಲದ ಮಾತ ಮನಸಿಗೆ ಹಚ್ಕೋಬ್ಯಾಡ. ನಾ ಹೇಳ್ತೀನಿ ಅದಕ್ಕ.” ನಾನು ಹೊಸ್ತಿಲ ಮೇಲೆ ಕಾಲಿಟ್ಟೊಡನೆ ನನ್ನ ಪಾದ ನೋಡಿ ಮುಖ ಗಂಟು ಹಾಕಿದಳು. “ಅವ್ವಾ, ಚಪ್ಪಲಿ ಹೊರಗ ಬಿಡು.”

ನಾನು ಹಿಂದೆ ಸರಿದು, ಅವಳ ಚಪ್ಪಲಿಯ ಪಕ್ಕದಲ್ಲಿ ನನ್ನವನ್ನು ಬಿಟ್ಟು ಒಳಗೆ ಹೋದೆ.